ಮನೆಯೇ ಪಾಠಶಾಲೆ: ನಿರ್ವಹಣಶಾಸ್ತ್ರದ ಸ್ವಯಂ ಅಧ್ಯಯನಕ್ಕೆ ಮೊದಲ ಹೆಜ್ಜೆ

ಡೊಂಬಿವಲಿಯಲ್ಲಿ ಮನೆ, ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಕಚೇರಿ. ಬೆಳಿಗ್ಗೆ ಏಳೂವರೆಯ ಲೋಕಲ್ ಗಾಡಿ ಹಿಡಿದು ಹೊರಟರೆ ಮರಳಿ ಮನೆ ಸೇರುವಾಗ ರಾತ್ರಿ ಎಂಟು ಗಂಟೆ. ವಯಸ್ಸು ನಲವತ್ತೆರಡು. ಗುಮಾಸ್ತೆಯಾಗಿ ಸೇರಿ, ಇಪ್ಪತ್ತು ವರ್ಷಗಳ ದುಡಿಮೆಯಿಂದ ಲೆಕ್ಕಪತ್ರ ವಿಭಾಗದ ಮೇಲ್ವಿಚಾರಕರಾದ ಗೃಹಸ್ಥರು. ವಿಭಾಗದ ಮುಖ್ಯಸ್ಥರ ಸ್ಥಾನ ತೆರವಾದಾಗ ಅವರಿಂದಲೇ ಕೆಲಸ ಕಲಿತ ಕಿರಿಯನೊಬ್ಬ ಆ ಕುರ್ಚಿಯಲ್ಲಿ ಬಂದು ಕೂರುತ್ತಾನೆ. ಅವನ ಹೆಸರಿನ ಮುಂದೆ ನಿರ್ವಹಣಶಾಸ್ತ್ರದ ಪದವಿಯಿದೆ. ಅಂದು ರಾತ್ರಿ ಊಟವಾದ ಮೇಲೆ ಗೃಹಸ್ಥರು ಮಗಳ ನೆರವಿನಿಂದ ಅಂತರ್ಜಾಲದ ಮ್ಯಾನೇಜ್‌ಮೆಂಟ್ ಪಾಠಕ್ರಮಕ್ಕೆ ಹೆಸರು ನೋಂದಾಯಿಸುತ್ತಾರೆ. ಒಂದಕ್ಕಲ್ಲ, ಒಟ್ಟಿಗೆ ಮೂರಕ್ಕೆ. ಮೊದಲ ವಾರ ಉತ್ಸಾಹ ಉಕ್ಕುತ್ತದೆ. ಎರಡನೆಯ ವಾರ ಊರಿನಿಂದ ನೆಂಟರು ಬರುತ್ತಾರೆ. ಮೂರನೆಯ ವಾರ ಕಚೇರಿಯಲ್ಲಿ ಲೆಕ್ಕತಪಾಸಣೆ. ತಿಂಗಳು ತುಂಬುವಷ್ಟರಲ್ಲಿ ಪಾಠ ಮರೆತುಹೋಗಿ, 'ಇದು ನಮ್ಮಂಥವರಿಗೆ ಹೇಳಿದ್ದಲ್ಲ' ಎಂಬ ನಿಟ್ಟುಸಿರೊಂದೇ ಉಳಿಯುತ್ತದೆ.

ಈ ಗೃಹಸ್ಥರು ಯಾರೋ ಒಬ್ಬ ವ್ಯಕ್ತಿಯಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಬದುಕು ಕಟ್ಟಿಕೊಂಡ ಅನೇಕ ಹೊರನಾಡ ಕನ್ನಡಿಗರ ಪ್ರತಿನಿಧಿ. ಅವರಿಗೆ ಬುದ್ಧಿಯ ಕೊರತೆಯಿಲ್ಲ, ಶ್ರದ್ಧೆಯ ಕೊರತೆಯೂ ಇಲ್ಲ. ನಮ್ಮ ಹಿರಿಯರು ಆರಂಭಶೂರತ್ವ ಎಂದು ಕರೆದ ದೋಷ ಮಾತ್ರ ಇದೆ. ಅದು ಸ್ವಭಾವದ ದೋಷವೆನ್ನುವುದಕ್ಕಿಂತ ಆರಂಭಿಸುವ ರೀತಿಯ ದೋಷವೆನ್ನುವುದೇ ಸರಿ. ಪಾಠ ಹೇಳುವವರು ಎದುರಿಗಿಲ್ಲದ, ಹಾಜರಿ ಕೂಗುವವರಿಲ್ಲದ ಅಧ್ಯಯನವನ್ನು ಹೇಗೆ ಪ್ರಾರಂಭಿಸಿದರೆ ಅದು ದಡ ಮುಟ್ಟೀತು ಎಂಬುದು ವಿಚಾರಯೋಗ್ಯ.

ರಾತ್ರಿಶಾಲೆಯಿಂದ ಅಂತರ್ಜಾಲದವರೆಗೆ

ದುಡಿಯುತ್ತ ಓದುವುದು ಹೊರನಾಡ ಕನ್ನಡಿಗರಿಗೆ ಹೊಸತಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ಸಂಜೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚುಗಳ ಮೇಲೆ ಕುಳಿತು ಅಕ್ಷರ ಕಲಿತ ತಲೆಮಾರುಗಳೇ ಇವೆ. ಅನಂತರ ಅಂಚೆಯ ಮೂಲಕ ಪಾಠ ಕಲಿಸುವ ಕಾಲ ಬಂತು. 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ಅಂಚೆ ಶಿಕ್ಷಣವನ್ನು ಆರಂಭಿಸಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಆ ದಾರಿ ಹಿಡಿಯಿತು. ಮೈಸೂರಿನ ಆ ಅಂಚೆ ಶಿಕ್ಷಣ ಸಂಸ್ಥೆಯೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1985ರಲ್ಲಿ.

ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗೂಡಿ 2003ರಲ್ಲಿ ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯನ್ನು ಕೈಗೊಂಡವು. 2017ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರದ 'ಸ್ವಯಂ' ಎಂಬ ಅಂತರ್ಜಾಲ ಶಿಕ್ಷಣ ವೇದಿಕೆ ಲೋಕಾರ್ಪಣೆಗೊಂಡಿತು. ಅದರಲ್ಲಿ ನಿರ್ವಹಣ ವಿಷಯದ ಪಾಠಗಳ ಸಂಯೋಜನೆಯ ಹೊಣೆಯನ್ನು ಬೆಂಗಳೂರಿನ ಐ.ಐ.ಎಂ. ಸಂಸ್ಥೆಗೆ ವಹಿಸಲಾಯಿತು. ಪಾಠಗಳನ್ನು ನೋಡಲು, ಓದಲು ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ನಿಗದಿತ ಶುಲ್ಕ ತೆತ್ತು ಪರೀಕ್ಷಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಒಂದು ಕಾಲದಲ್ಲಿ ಕೆಲವೇ ಭಾಗ್ಯವಂತರಿಗೆ ತೆರೆಯುತ್ತಿದ್ದ ಬಾಗಿಲು ಹೀಗೆ ಎಲ್ಲರಿಗೂ ತೆರೆದಿದೆ.

ಆದರೆ ತೆರೆದ ಬಾಗಿಲಿನಿಂದ ಒಳಗೆ ಹೋಗುವುದು ಎಷ್ಟು ಸುಲಭವೋ ಹೊರಗೆ ಬರುವುದೂ ಅಷ್ಟೇ ಸುಲಭ. ಅಮೆರಿಕದ ಹಾರ್ವರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳ ಅಂತರ್ಜಾಲ ಪಾಠಕ್ರಮಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಣ್ಣು ತೆರೆಸುವಂಥದು. ಹೆಸರು ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾಠದ ಪುಟವನ್ನು ತೆರೆದು ನೋಡಲೇ ಇಲ್ಲ. 2017-18ರಲ್ಲಿ ಪಾಠಕ್ರಮವನ್ನು ಪೂರ್ಣಗೊಳಿಸಿದವರು ನೂರಕ್ಕೆ ಸುಮಾರು 3 ಮಂದಿ ಮಾತ್ರ. ಹಣ ಕೊಟ್ಟು ಪ್ರಮಾಣಪತ್ರಕ್ಕಾಗಿ ಸೇರಿದವರಲ್ಲಿ ಈ ಸಂಖ್ಯೆ ನೂರಕ್ಕೆ 46. ಆದುದರಿಂದ ಅರ್ಧಕ್ಕೆ ಬಿಟ್ಟವರು ತಾವೊಬ್ಬರೇ ದಡ್ಡರೆಂದು ಕೊರಗಬೇಕಾದುದಿಲ್ಲ. ಹಾಗೆಂದು ನೋಂದಣಿಯನ್ನೇ ವಿದ್ಯಾರ್ಜನೆಯೆಂದು ಭ್ರಮಿಸುವಂತೆಯೂ ಇಲ್ಲ.

ಆರಿಸುವ ಮುನ್ನ

ಪಾಠಕ್ರಮವನ್ನು ಹುಡುಕುವುದಕ್ಕಿಂತ ಮೊದಲು ಒಂದು ಹಾಳೆಯ ಮೇಲೆ ಒಂದೇ ವಾಕ್ಯ ಬರೆಯುವುದು ಲೇಸು: 'ಇದನ್ನು ಕಲಿತು ಮುಂದಿನ ಆರು ತಿಂಗಳಲ್ಲಿ ಮಾಡಬೇಕಾದ ಕೆಲಸ ಯಾವುದು?' 'ಮ್ಯಾನೇಜ್‌ಮೆಂಟ್ ಕಲಿಯಬೇಕು' ಎಂಬುದು ಉತ್ತರವಲ್ಲ, ಹಾರೈಕೆ. 'ವಿಭಾಗದ ವಾರ್ಷಿಕ ಆಯವ್ಯಯವನ್ನು ಸ್ವತಂತ್ರವಾಗಿ ತಯಾರಿಸಲು ಬರಬೇಕು', 'ಮನೆಯಿಂದ ಮಾರುತ್ತಿರುವ ಸಾರಿನ ಪುಡಿ, ಹಪ್ಪಳದ ವ್ಯಾಪಾರದಲ್ಲಿ ಲಾಭವೆಷ್ಟೆಂದು ತಿಳಿಯಬೇಕು' ಎಂಬಂಥವು ಉತ್ತರಗಳು. ಮೊದಲನೆಯವರಿಗೆ ಹಣಕಾಸು ನಿರ್ವಹಣೆ ತಕ್ಕದ್ದು. ಎರಡನೆಯವರಿಗೆ ವೆಚ್ಚಗಣನೆ ಮತ್ತು ಮಾರಾಟ. ಹತ್ತು ಮಂದಿಯಿಂದ ಕೆಲಸ ಮಾಡಿಸಬೇಕಾದ ಮೇಲ್ವಿಚಾರಕರಿಗೆ ಸಿಬ್ಬಂದಿ ನಿರ್ವಹಣೆ. ಮೊದಲ ಸಲಕ್ಕೆ ಒಂದೇ ವಿಷಯ ಸಾಕು.

ಪ್ರಮಾಣಪತ್ರಕ್ಕೂ ಪದವಿಗೂ ಇರುವ ಅಂತರವನ್ನು ತಿಳಿದಿರಬೇಕು. ಎಂಟು ಅಥವಾ ಹನ್ನೆರಡು ವಾರಗಳ ಪಾಠಕ್ರಮದ ಪ್ರಮಾಣಪತ್ರ ಎಂ.ಬಿ.ಎ. ಪದವಿಯಾಗದು. ಅಂತರ್ಜಾಲದ ಮೂಲಕವೇ ಪದವಿ ಪಡೆಯಬೇಕೆನ್ನುವವರು, ಆ ವಿಶ್ವವಿದ್ಯಾನಿಲಯಕ್ಕೆ ಆ ಪದವಿಯನ್ನು ಆ ರೀತಿಯಲ್ಲಿ ನೀಡಲು ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಮಾನ್ಯತೆ ಇದೆಯೇ ಎಂಬುದನ್ನು ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡದೆ ಹಣ ಕಟ್ಟಬಾರದು. ದೂರವಾಣಿಯಲ್ಲಿ ಬೆನ್ನುಹತ್ತಿ, 'ಇಂದೇ ಸೇರಿದರೆ ರಿಯಾಯಿತಿ' ಎಂದು ಒತ್ತಾಯಿಸಿ, ಶುಲ್ಕವನ್ನು ಸಾಲದ ಕಂತುಗಳಾಗಿ ಪರಿವರ್ತಿಸುವವರ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಶುಲ್ಕವಿಲ್ಲದ ಒಂದು ಪಾಠಕ್ರಮವನ್ನು ಮುಗಿಸಿ, ತಮ್ಮ ಶಕ್ತಿಯನ್ನು ತಾವೇ ಅಳೆದುಕೊಂಡ ಅನಂತರ ದೊಡ್ಡ ಮೊತ್ತದ ಯೋಚನೆ ಮಾಡುವುದು ವಿವೇಕ.

ಕೆಲವು ಪಾಠಕ್ರಮಗಳಿಗೆ ಕಾಲದ ಕಟ್ಟಿಲ್ಲ, ಎಂದು ಬೇಕಾದರೂ ಆರಂಭಿಸಬಹುದು. 'ಸ್ವಯಂ' ವೇದಿಕೆಯ ಹೆಚ್ಚಿನ ಪಾಠಕ್ರಮಗಳು ಜನವರಿ ಮತ್ತು ಜುಲೈ ಅವಧಿಗಳಲ್ಲಿ ನಡೆಯುತ್ತವೆ. ವಾರವಾರವೂ ಅಭ್ಯಾಸದ ಪ್ರಶ್ನೆಗಳನ್ನು ಗೊತ್ತಾದ ದಿನಾಂಕದೊಳಗೆ ಬಿಡಿಸಬೇಕಾಗುತ್ತದೆ. ಮೊದಲ ಬಾರಿಗೆ ಕಲಿಯುವವರಿಗೆ ಈ ಎರಡನೆಯ ಬಗೆ ಹೆಚ್ಚು ಹಿತ. ಗಡುವು ಎಂಬುದು ಕಾಣದ ಉಪಾಧ್ಯಾಯರಿದ್ದಂತೆ.

ತನ್ನನ್ನು ತಾನು ನಿರ್ವಹಿಸುವುದು

ನಿರ್ವಹಣಶಾಸ್ತ್ರದ ಯಾವುದೇ ಪ್ರಾಥಮಿಕ ಪಾಠದಲ್ಲಿ ಬರುವ ಹೆಸರು ಹೆನ್ರಿ ಫೆಯೋಲ್ ಅವರದು. ಫ್ರಾನ್ಸಿನ ಈ ಗಣಿ ಎಂಜಿನಿಯರರು 1916ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ವಹಣೆಯನ್ನು ಐದು ಕಾರ್ಯಗಳಾಗಿ ವಿಂಗಡಿಸಿದರು: ಯೋಜನೆ, ಸಂಘಟನೆ, ಆದೇಶ, ಸಮನ್ವಯ, ನಿಯಂತ್ರಣ. ಕಾರ್ಖಾನೆಗಾಗಿ ಹೇಳಿದ ಈ ಐದನ್ನೂ ಕಲಿಯುವವರು ಮೊದಲು ತಮ್ಮ ಕಲಿಕೆಗೇ ಅನ್ವಯಿಸಿಕೊಳ್ಳಬಹುದು. ಶಾಸ್ತ್ರದ ಮೊದಲ ಪ್ರಯೋಗಶಾಲೆ ಅವರವರ ದಿನಚರಿಯೇ.

ಯೋಜನೆ ಎಂದರೆ ವೇಳೆಯ ಲೆಕ್ಕ. ಎನ್.ಪಿ.ಟಿ.ಇ.ಎಲ್.ನ ಹನ್ನೆರಡು ವಾರಗಳ ಪಾಠಕ್ರಮದಲ್ಲಿ ಸುಮಾರು 30 ಗಂಟೆಗಳ ವೀಡಿಯೊ ಪಾಠವಿರುತ್ತದೆ. ವಾರಕ್ಕೆ ಎರಡೂವರೆ ಗಂಟೆ. ಅಷ್ಟೇ ಹೊತ್ತು ಓದು, ಟಿಪ್ಪಣಿ, ಅಭ್ಯಾಸಗಳಿಗೆ ಬೇಕೆಂದು ಹಿಡಿದರೆ ವಾರಕ್ಕೆ ಐದು ಗಂಟೆ. ಐದು ದಿನ ಬೆಳಿಗ್ಗೆ 40 ನಿಮಿಷ, ಭಾನುವಾರ ಒಂದೂವರೆ ಗಂಟೆ ಮೀಸಲಿಟ್ಟರೆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ; ಶನಿವಾರ ಬಿಡುವು. 'ಬಿಡುವಾದಾಗ ಓದುತ್ತೇನೆ' ಎಂಬುದಕ್ಕಿಂತ 'ಬೆಳಿಗ್ಗೆ ಐದೂವರೆಗೆ ಕಾಫಿ ಕುಡಿದೊಡನೆ ಊಟದ ಮೇಜಿನ ಕಿಟಕಿ ಬದಿಯ ಕುರ್ಚಿಯಲ್ಲಿ ಕೂರುತ್ತೇನೆ' ಎಂಬ ನಿರ್ಧಾರ ಗಟ್ಟಿಯಾದದ್ದು, ಏಕೆಂದರೆ ಅದರಲ್ಲಿ ಕಾಲವೂ ಇದೆ, ಸ್ಥಳವೂ ಇದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಾರ್ವರ್ಡ್, ಎಂ.ಐ.ಟಿ., ಸ್ಟ್ಯಾನ್‌ಫರ್ಡ್ ಸಂಸ್ಥೆಗಳ ಪಾಠಕ್ರಮಗಳಲ್ಲಿ ಸುಮಾರು ಎರಡೂವರೆ ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡು ನಡೆಸಿ 2020ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಆರಂಭದಲ್ಲಿ ಹೀಗೆ ಯೋಜನೆ ಬರೆದುಕೊಂಡವರ ಆಸಕ್ತಿ ಮೊದಲ ಕೆಲವು ವಾರಗಳಲ್ಲಿ ಹೆಚ್ಚಿತು. ಆದರೆ ಕೊನೆ ಮುಟ್ಟಿದವರ ಸಂಖ್ಯೆ ಅದರಿಂದ ಹೆಚ್ಚಲಿಲ್ಲ. ಒಮ್ಮೆ ಬರೆದಿಟ್ಟ ಯೋಜನೆ ಕೊನೆಯವರೆಗೂ ಕೈ ಹಿಡಿದು ನಡೆಸೀತೆಂದು ನಂಬಿ ಕೂರುವಂತಿಲ್ಲ ಎಂಬುದು ಇದರಿಂದ ಸಿಗುವ ಎಚ್ಚರಿಕೆ. ಪ್ರತಿ ಭಾನುವಾರ ಮುಂದಿನ ವಾರದ ಸ್ಥಿತಿಗತಿ ನೋಡಿ ಅದನ್ನು ಹೊಸದಾಗಿ ಬರೆಯಬೇಕು. ಹಬ್ಬವಿದ್ದರೆ ಕಡಿಮೆ, ರಜೆಯಿದ್ದರೆ ಹೆಚ್ಚು.

ಸಂಘಟನೆಯೆಂದರೆ ಸಾಮಗ್ರಿಯನ್ನು ಅಣಿಗೊಳಿಸುವುದು: ಒಂದು ನೋಟುಪುಸ್ತಕ, ಒಂದು ಲೇಖನಿ, ಹಿಂದಿನ ರಾತ್ರಿಯೇ ತೆರೆಯಬೇಕಾದ ಪಾಠದ ಗುರುತು. ಆದೇಶ ಇತರರಿಗಲ್ಲ, ತನಗೇ: ಆ ನಲವತ್ತು ನಿಮಿಷ ಮೊಬೈಲಿನ ಸಂದೇಶಗಳು ಇನ್ನೊಂದು ಕೋಣೆಯಲ್ಲಿರಲಿ. ಸಮನ್ವಯ ಮನೆಯವರೊಡನೆ ಆಗಬೇಕಾದದ್ದು. ನಿಯಂತ್ರಣವೆಂದರೆ ವಾರದ ಕೊನೆಯಲ್ಲಿ ಎಷ್ಟು ಆಯಿತು, ಎಷ್ಟು ಉಳಿಯಿತು ಎಂಬ ಪ್ರಾಮಾಣಿಕ ಜಮಾಖರ್ಚು.

ಕೇಳಿದ್ದು ಉಳಿಯಬೇಕಾದರೆ

ವೀಡಿಯೊ ಪಾಠವನ್ನು ಚಲನಚಿತ್ರದಂತೆ ನೋಡಿದರೆ ಅದು ಚಲನಚಿತ್ರದಂತೆಯೇ ಮರೆಯುತ್ತದೆ. 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಾಠ ಎಷ್ಟೇ ದೀರ್ಘವಾಗಿರಲಿ, ವೀಕ್ಷಕರು ಸಾಮಾನ್ಯವಾಗಿ ಅದನ್ನು ನೋಡಿದ್ದು ಹೆಚ್ಚೆಂದರೆ ಆರು ನಿಮಿಷ. ಆದುದರಿಂದ ಅರ್ಧ ಗಂಟೆಯ ಪಾಠವನ್ನು ಐದಾರು ನಿಮಿಷಗಳ ತುಂಡುಗಳಾಗಿ ಮಾಡಿಕೊಂಡು, ಪ್ರತಿ ತುಂಡಿನ ಕೊನೆಗೆ ನಿಲ್ಲಿಸಿ, ಪರದೆಯನ್ನು ನೋಡದೆ ಮೂರು ವಾಕ್ಯ ಬರೆಯುವ ರೂಢಿ ಒಳ್ಳೆಯದು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರಿಗೆ ಐದು ನಿಮಿಷಗಳ ಬಳಿಕ ಹೆಚ್ಚು ನೆನಪಿತ್ತು. ಆದರೆ ವಾರದ ಬಳಿಕ, ಮತ್ತೆ ಓದುವ ಬದಲು ನೆನಪಿನಿಂದ ಬರೆದವರೇ ಮುಂದಾದರು. ಓದುವಾಗ 'ಎಲ್ಲ ತಿಳಿಯಿತು' ಎನಿಸುವ ಸುಖ ಮೋಸದ್ದು. ಬರೆಯುವಾಗ ಆಗುವ ತಡವರಿಕೆಯೇ ನಿಜವಾದ ಕಲಿಕೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಉಪನ್ಯಾಸದ ವೇಗ ಅಳುಕು ತರಬಹುದು. ವೇಗವನ್ನು ತಗ್ಗಿಸುವ, ಮಾತನ್ನು ಪರದೆಯ ಕೆಳಗೆ ಅಕ್ಷರಗಳಲ್ಲಿ ತೋರಿಸುವ ಸೌಲಭ್ಯಗಳನ್ನು ಸಂಕೋಚವಿಲ್ಲದೆ ಬಳಸಬೇಕು. ಎನ್.ಪಿ.ಟಿ.ಇ.ಎಲ್.ನ ಹಲವು ಪಾಠಗಳ ಬರಹರೂಪ ಕನ್ನಡದಲ್ಲಿಯೂ ಲಭ್ಯವಿದೆ. ನೋಟುಪುಸ್ತಕದ ಕೊನೆಯ ಪುಟಗಳಲ್ಲಿ ದುಡಿಯುವ ಬಂಡವಾಳ, ನಗದು ಹರಿವು, ದಾಸ್ತಾನು ಎಂದು ಸ್ವಂತ ಪದಕೋಶವೊಂದನ್ನು ಬೆಳೆಸಿಕೊಂಡರೆ ವಿಷಯ ಪರಕೀಯವೆನಿಸದು. ತಾಯಿನುಡಿಯಲ್ಲಿ ಹೇಳಲು ಬಂದಾಗಲೇ ವಿಷಯ ತಿಳಿಯಿತೆಂದು ಅರ್ಥ.

ಕಲಿತದ್ದನ್ನು ಬಾಳಿನ ಲೆಕ್ಕಕ್ಕೆ ಅನ್ವಯಿಸುವುದು ಎಲ್ಲಕ್ಕಿಂತ ಮಿಗಿಲು. 'ಬ್ರೇಕ್-ಈವನ್', ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಬಿಂದು ಎಂಬ ಪಾಠ ಬಂದಿತೆನ್ನಿ. ಒಂದು ಚಿಕ್ಕ ಉಪಾಹಾರಗೃಹದ ಬಾಡಿಗೆ, ಸಂಬಳ ಮೊದಲಾದ ಸ್ಥಿರ ವೆಚ್ಚ ತಿಂಗಳಿಗೆ 60,000 ರೂಪಾಯಿ. ಒಂದು ಪ್ಲೇಟ್ ಇಡ್ಲಿಯ ಬೆಲೆ 40; ಅಕ್ಕಿ, ಉದ್ದು, ಚಟ್ನಿ, ಅನಿಲಕ್ಕೆ 25. ಪ್ಲೇಟಿಗೆ ಉಳಿಯುವುದು 15. ಹಾಗಾದರೆ ತಿಂಗಳಿಗೆ 4,000 ಪ್ಲೇಟ್ ಮಾರುವವರೆಗೆ ಮಾಲೀಕರಿಗೆ ಒಂದು ಕಾಸೂ ಲಾಭವಿಲ್ಲ. ಬಾಡಿಗೆ 6,000 ಏರಿದರೆ ಇನ್ನೂ 400 ಪ್ಲೇಟ್ ಮಾರಬೇಕು. ಈ ಲೆಕ್ಕವನ್ನು ಸೂತ್ರವಾಗಿ ಬಾಯಿಪಾಠ ಮಾಡುವುದಕ್ಕಿಂತ, ಪರಿಚಯದ ಹೋಟೆಲಿಗೋ ಮನೆಯ ಹಪ್ಪಳದ ವ್ಯಾಪಾರಕ್ಕೋ ಹಾಕಿ ನೋಡಿದವರು ಅದನ್ನು ಎಂದೂ ಮರೆಯರು.

ದೇಹವನ್ನು ಮರೆಯಬಾರದು

ವಿದ್ಯೆಯ ಉತ್ಸಾಹದಲ್ಲಿ ಮೊದಲು ಬಲಿಯಾಗುವುದು ನಿದ್ರೆ. ಇದು ದುಬಾರಿ ತ್ಯಾಗ. ವಯಸ್ಕರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆಗಳ ನಿದ್ರೆ ಅವಶ್ಯ. ಹಗಲು ಕಲಿತದ್ದು ಮಿದುಳಿನಲ್ಲಿ ನೆಲೆಗೊಳ್ಳುವುದೂ ನಿದ್ರೆಯಲ್ಲಿಯೇ. ನಿದ್ರೆಗೆಟ್ಟು ಓದುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ಬೆಳಗಿನ ಐದೂವರೆಯ ಪಾಠಕ್ಕೆ ರಾತ್ರಿ ಹತ್ತರೊಳಗಿನ ನಿದ್ರೆಯೇ ಮುಂಗಡ. ಸಂಜೆಯ ನಂತರದ ಕಾಫಿಯನ್ನು ಬಿಡುವುದು ಕ್ಷೇಮ. ಕುಡಿದ ಕೆಫೀನಿನ ಅರ್ಧಭಾಗ ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಹಿಡಿಯುತ್ತದೆ.

ಪರದೆಯನ್ನು ದಿಟ್ಟಿಸುವಾಗ ಕಣ್ಣಿನ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ. ಇಪ್ಪತ್ತು ನಿಮಿಷಗಳಿಗೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ನಿಯಮ ನೆನಪಿಡಲು ಸುಲಭ. ನಲವತ್ತು ದಾಟಿದವರಿಗೆ ಚಾಳೀಸು ಬಂದಿರುವುದು ಸಹಜ. ಅದನ್ನು ಲಕ್ಷಿಸದೆ ಮೊಬೈಲಿನ ಸಣ್ಣ ಅಕ್ಷರಗಳೊಡನೆ ಹೋರಾಡಿ ತಲೆನೋವು ತರಿಸಿಕೊಂಡು, ತಪ್ಪನ್ನು ಪಾಠದ ಮೇಲೆ ಹೊರಿಸುವವರುಂಟು. ನೇತ್ರತಜ್ಞರನ್ನು ಕಂಡು ತಕ್ಕ ಕನ್ನಡಕ ಮಾಡಿಸಿಕೊಳ್ಳುವುದು ಪಾಠಕ್ರಮದ ಪೂರ್ವಸಿದ್ಧತೆಯ ಭಾಗವೇ ಸರಿ. ಪರದೆ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ಹಾಸಿಗೆಯ ಮೇಲೆ ಒರಗಿ ಕತ್ತು ಬಾಗಿಸಿ ನೋಡುವ ಅಭ್ಯಾಸ ಬೇಡ. ಕಚೇರಿಯಲ್ಲಿ ಎಂಟು ಗಂಟೆ ಕುಳಿತವರು ಮನೆಯಲ್ಲಿಯೂ ಕುಳಿತೇ ಇರುವುದು ಸಲ್ಲದು. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಅಡ್ಡಾಡಿದರೆ ರಕ್ತದ ಸಕ್ಕರೆ ಹತೋಟಿಯಲ್ಲಿರಲು ನೆರವಾಗುತ್ತದೆ. ಬೆಳಗಿನ ಪಾಠವನ್ನು ಮನಸ್ಸಿನಲ್ಲಿ ಮೆಲುಕು ಹಾಕಲು ಆ ಹೊತ್ತು ತಕ್ಕದ್ದು. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ, ಬಾಗಿಲಲ್ಲಿ ನಿಂತು, ಹಳಿ ದಾಟುತ್ತ ಕಿವಿಗೆ ಪಾಠ ಸಿಕ್ಕಿಸಿಕೊಳ್ಳುವುದು ಜೀವಕ್ಕೇ ಅಪಾಯ.

ಏಕಲವ್ಯನಿಗೂ ಒಂದು ಮೂರ್ತಿ ಬೇಕಿತ್ತು

ಗುರುವಿಲ್ಲದೆ ಕಲಿತವನೆಂದು ಏಕಲವ್ಯನನ್ನು ಹೊಗಳುವುದುಂಟು. ಅವನೂ ಮಣ್ಣಿನ ಮೂರ್ತಿಯೊಂದನ್ನು ಎದುರಿಗಿಟ್ಟುಕೊಂಡೇ ಅಭ್ಯಾಸ ಮಾಡಿದ. ಸ್ವಯಂ ಅಧ್ಯಯನವೆಂದರೆ ಒಂಟಿ ಅಧ್ಯಯನವಲ್ಲ. ಉತ್ತರ ಹೇಳಬೇಕಾದ ಯಾರಾದರೊಬ್ಬರು ಇರಬೇಕು. ಅದು ಹೆಂಡತಿಯಾಗಬಹುದು, ಗಂಡನಾಗಬಹುದು, ಹತ್ತನೆಯ ತರಗತಿಯ ಮಗಳಾಗಬಹುದು. ಎರಡು ಕೋಣೆಗಳ ಮನೆಯಲ್ಲಿ ಬೆಳಗಿನ ನಲವತ್ತು ನಿಮಿಷಗಳ ಮೌನ ತಾನಾಗಿ ಒದಗದು. ಮನೆಯವರೆಲ್ಲರ ಒಪ್ಪಿಗೆಯಿಂದ ಮಾತ್ರ ಒದಗುತ್ತದೆ. ಅದರಲ್ಲಿಯೂ ಗೃಹಿಣಿ ಕಲಿಯಲು ಕುಳಿತಾಗ, ಆ ಹೊತ್ತಿನ ಕಾಫಿ, ಡಬ್ಬಿಗಳ ಹೊಣೆಯನ್ನು ಇತರರು ವಹಿಸಿಕೊಳ್ಳದಿದ್ದರೆ ಅವರ ಅಧ್ಯಯನ ಮಾತಿನಲ್ಲಿಯೇ ಉಳಿಯುತ್ತದೆ.

ಕನ್ನಡ ಸಂಘಗಳ ಕರ್ತವ್ಯವೂ ಇಲ್ಲಿದೆ. ಹಿಂದಿನವರು ರಾತ್ರಿಶಾಲೆ ನಡೆಸಿದರು. ಇಂದಿನವರು ತಿಂಗಳಿಗೆರಡು ಭಾನುವಾರ ಸಂಘದ ವಾಚನಾಲಯದಲ್ಲಿ ಒಂದೇ ಪಾಠಕ್ರಮ ಹಿಡಿದ ನಾಲ್ಕಾರು ಮಂದಿಯನ್ನು ಕೂಡಿಸಬಹುದು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು ಆಯವ್ಯಯ ಪಟ್ಟಿ ಓದುವುದನ್ನು ತೋರಿಸಿಕೊಡಬಲ್ಲರು, ಹೋಟೆಲು ನಡೆಸಿದವರು ದಾಸ್ತಾನಿನ ಮರ್ಮ ಹೇಳಬಲ್ಲರು. ಅನುಭವವುಳ್ಳವರಿಗೆ ಶಾಸ್ತ್ರವೂ ಶಾಸ್ತ್ರ ಓದಿದವರಿಗೆ ಅನುಭವವೂ ಒಂದೇ ಚಾಪೆಯ ಮೇಲೆ ದೊರೆಯುತ್ತವೆ.

ಎಳೆ ತುಂಡಾದಾಗ

ಎಷ್ಟೇ ಎಚ್ಚರ ವಹಿಸಿದರೂ ಒಂದು ವಾರ ತಪ್ಪಿಯೇ ತಪ್ಪುತ್ತದೆ. ಮಗುವಿಗೆ ಜ್ವರ, ಊರಿನಲ್ಲಿ ಮದುವೆ, ಮಳೆಗೆ ನಿಂತ ಗಾಡಿಗಳು. ಬಹುಮಂದಿ ಪಾಠಕ್ರಮವನ್ನು ಬಿಡುವುದು ಇಂಥ ವಾರದಲ್ಲಲ್ಲ, ಅದರ ಮರುವಾರ. ಬಾಕಿಯ ಬೆಟ್ಟ ಕಂಡು ಎದೆಗುಂದಿ. ಪಾಠಕ್ರಮ ರಚಿಸಿದವರೂ ಇದನ್ನು ಬಲ್ಲರು. ಎನ್.ಪಿ.ಟಿ.ಇ.ಎಲ್.ನ ಹನ್ನೆರಡು ವಾರಗಳ ಪಾಠಕ್ರಮದಲ್ಲಿ ಹನ್ನೆರಡು ಅಭ್ಯಾಸಗಳ ಪೈಕಿ ಅತ್ಯುತ್ತಮವಾದ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿದೆ. ನಾಲ್ಕು ವಾರಗಳ ತಪ್ಪಿಗೆ ಕ್ಷಮೆ ಮೊದಲೇ ಸಿದ್ಧವಾಗಿದೆ. ಕಲಿಯುವವರು ತಮ್ಮನ್ನು ತಾವು ಅಷ್ಟಾದರೂ ಕ್ಷಮಿಸಿಕೊಳ್ಳಬೇಕು. ತಪ್ಪಿದ ವಾರವನ್ನು ಬದಿಗಿಟ್ಟು ಈ ವಾರದ ಪಾಠಕ್ಕೆ ಕುಳಿತುಬಿಡುವುದೇ ಪರಿಹಾರ.

ಡೊಂಬಿವಲಿಯ ಗೃಹಸ್ಥರು ಮುಂದಿನ ಅವಧಿಗೆ ಮೂರಲ್ಲ, ಒಂದೇ ಪಾಠಕ್ರಮಕ್ಕೆ ಸೇರಬಹುದು. ಹನ್ನೆರಡು ವಾರಗಳ ಕೊನೆಯಲ್ಲಿ ಮುಖ್ಯಸ್ಥರ ಕುರ್ಚಿ ಸಿಕ್ಕಿಯೇ ತೀರುವುದೆಂದು ಯಾವ ಶಾಸ್ತ್ರವೂ ಭರವಸೆ ಕೊಡದು. ಆದರೆ ಆಯವ್ಯಯದ ಸಭೆಯಲ್ಲಿ ಕಿರಿಯ ಅಧಿಕಾರಿ ಹೇಳಿದ ಮಾತು ಪೂರ್ಣವಾಗಿ ಅರ್ಥವಾಗಿ, ಅದರಲ್ಲಿದ್ದ ತಪ್ಪೊಂದು ಕಣ್ಣಿಗೆ ಬಿದ್ದು, ಇಪ್ಪತ್ತು ವರ್ಷಗಳ ಅನುಭವಕ್ಕೆ ಅಂದು ತಕ್ಕ ಪದಗಳು ದೊರೆತರೆ ಅದು ಸಣ್ಣ ಗಳಿಕೆಯಲ್ಲ. ಹನಿ ಹನಿಗೂಡಿ ಹಳ್ಳವಾಗುವುದು ನಿಜ. ಹನಿ ನಾಳೆಯೂ ಬೀಳಬೇಕು, ಅಷ್ಟೆ.